ಹುಲಿಗೆಮ್ಮನ ಮುಖಬೆಲೆ

ವ್ಯಾಕರಣ ಪಾಠ ಮಾಡಿದರೆ ಹುಡುಗರಿಗೆ ನಿದ್ದೆ ಬರುತ್ತದೆ ಎಂಬುದು ನನಗೆ ಗೊತ್ತಿತ್ತು; ಕಬಡ್ಡಿ ಕೆಡುತ್ತದೆ ಎಂಬುದು ಗೊತ್ತಿರಲಿಲ್ಲ. ಕೆಡಿಸಿದವನು ನಾನೇ ಆದ್ದರಿಂದ ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನಾನು ಗಂಗಾವತಿಯ ಒಂದು ಕಾಲೇಜಿನಲ್ಲಿ ಕನ್ನಡದ ಅತಿಥಿ ಉಪನ್ಯಾಸಕ. ಹನ್ನೊಂದು ವರ್ಷದಿಂದ ಅತಿಥಿ. ಅಷ್ಟು ದಿನ ಬೀಗರ ಮನೆಯಲ್ಲೂ ಯಾರನ್ನೂ ಇಟ್ಟುಕೊಳ್ಳುವುದಿಲ್ಲ. ಒಂದು ಸಭೆಗೆ ತಡವಾಗಿ ಹೋದ ತಪ್ಪಿಗೆ ಹುಡುಗಿಯರ ಕಬಡ್ಡಿ ತಂಡದ ಉಸ್ತುವಾರಿ ನನ್ನ ಕೊರಳಿಗೆ ಬಿತ್ತು. ಕಾಗದಕ್ಕೆ ಸಹಿ ಹಾಕುವುದು, ಬಾಳೆಹಣ್ಣು ಹಂಚುವುದು ನನ್ನ ಕೆಲಸ. ಆಟವನ್ನು ಅವರೇ ಆಡಿಕೊಳ್ಳುತ್ತಿದ್ದರು.

ತಂಡದ ಜೀವ ಹುಲಿಗೆಮ್ಮ. ಕುಷ್ಟಗಿ ಕಡೆಯ, ಕುರಿ ಸಾಕುವ ಮನೆಯ ಹುಡುಗಿ. ಎದುರಾಳಿಗಳ ಅಂಕಣಕ್ಕೆ ಹೋದಳೆಂದರೆ ಮೂವರು ಹಿಡಿದರೂ ಮೂವರನ್ನೂ ಎಳೆದುಕೊಂಡೇ ಬಂದು ನಡುಗೆರೆ ಮುಟ್ಟುವಳು. ಅವಳ ಗೆಳತಿ ಫರ್ಜಾನಾ, ಬಳೆ ವ್ಯಾಪಾರಿಯ ಮಗಳು. ಅವಳು ಕಾಲು ಹಿಡಿದರೆ ಮುಗಿಯಿತು, ಬಿಡುವವಳಲ್ಲ. ಒಂದು ಪಂದ್ಯದಲ್ಲಿ ಹುಲಿಗೆಮ್ಮ ಆಡಿದ ಆಟದ ವಿಡಿಯೋ ಎಲ್ಲರ ಮೊಬೈಲಿಗೂ ಹೋಯಿತು. ಅದನ್ನು ನೋಡಿ ಒಬ್ಬ ಅಕ್ಕಿ ಗಿರಣಿಯ ಸಾಹುಕಾರರು ಕಾಲೇಜಿಗೇ ಬಂದರು. ಅವರ ಹೊಸ ಅಕ್ಕಿ ಚೀಲದ ಮೇಲೆ ಅವಳ ಚಿತ್ರ ಬೇಕಂತೆ. ಅದಕ್ಕೆ ಮೂರು ಲಕ್ಷ ರೂಪಾಯಿ.

ನಾನು ವರ್ಷವಿಡೀ ಗಂಟಲು ಹರಿದುಕೊಂಡರೂ ಅಷ್ಟಾಗುವುದಿಲ್ಲ. ಅಂದು ಮನೆಗೆ ಹೋಗಿ ಕನ್ನಡಿಯಲ್ಲಿ ನನ್ನ ಮುಖ ನೋಡಿಕೊಂಡೆ. ಸಾಹುಕಾರರ ಆಯ್ಕೆಯಲ್ಲಿ ತಪ್ಪೇನೂ ಕಾಣಲಿಲ್ಲ. ಹುಡುಗಿಯ ಬಲವೆಲ್ಲ ಜೋಳದ ರೊಟ್ಟಿಯದು, ಹೆಸರು ಬರುವುದು ಮಾತ್ರ ಅಕ್ಕಿಗೆ ಎಂಬ ಸಂಗತಿಯನ್ನು ಅವರಿಗೆ ಹೇಳದೆ ನುಂಗಿಕೊಂಡೆ.

ಕರಾರುಪತ್ರ ಓದಿ ಹೇಳುವ ಕೆಲಸ ಕನ್ನಡದವನಾದ ನನಗೆ ಬಂತು. ಅದರಲ್ಲೊಂದು ಸಾಲಿತ್ತು: ‘ಕ್ರೀಡಾಪಟುವು ತನ್ನ ಮುಖಕ್ಕೆ ಹಾನಿಯಾಗದಂತೆ ನೋಡಿಕೊಳ್ಳತಕ್ಕದ್ದು, ತಪ್ಪಿದಲ್ಲಿ ಹಣ ಹಿಂದಿರುಗಿಸತಕ್ಕದ್ದು.’ ನನ್ನ ವಿದ್ಯೆಯನ್ನು ಯಾರೂ ಕೇಳದೆ ಎಷ್ಟೋ ಕಾಲವಾಗಿತ್ತು. ‘ತಕ್ಕದ್ದು’ ಎಂದರೆ ಬರೀ ‘ಬೇಕು’ ಅಲ್ಲ, ತಪ್ಪಿಸಿಕೊಳ್ಳಲು ದಾರಿಯೇ ಇಲ್ಲದ ‘ಬೇಕು’ ಎಂದು ಅರ್ಧ ಗಂಟೆ ಬಿಡಿಸಿ ಹೇಳಿದೆ. ಅಲ್ಲಿಂದ ಮುಖಬೆಲೆ ಎಂಬ ಪದಕ್ಕೆ ಹೋದೆ: ಇಷ್ಟು ದಿನ ಅದು ನೋಟಿಗಿತ್ತು, ಈಗ ನೋಡವಾ, ನಿನಗೂ ಬಂತು ಎಂದೆ. ನನ್ನ ತಮಾಷೆಗೆ ನಾನೊಬ್ಬನೇ ನಕ್ಕೆ. ಹುಲಿಗೆಮ್ಮ ನಗಲಿಲ್ಲ, ಸಹಿ ಹಾಕಿದಳು.

ಹಣ ಬಂದ ಹದಿನೈದು ದಿನದಲ್ಲಿ ಅವಳ ತಾಯಿ ಅದನ್ನೆಲ್ಲ ಕುರಿಗೆ ಹಾಕಿದಳು. ಇತ್ತ ಕಾಲೇಜಿನಲ್ಲಿ ಅವಳ ಹೆಸರೂ ಗೊತ್ತಿರದಿದ್ದ ಪ್ರಾಂಶುಪಾಲರು ಕುರ್ಚಿ ಕೊಟ್ಟು ಮಾತಾಡಿಸತೊಡಗಿದರು. ಒಂದು ದಿನ ನನ್ನ ಬಾಯಿಂದಲೇ ‘ಬರ್ರಿ ಹುಲಿಗೆಮ್ಮ’ ಎಂದು ಬಂದುಬಿಟ್ಟಿತು. ಯಾರೋ ದೊಡ್ಡವರು ಬಂದರೆಂದು ಅವಳು ಹಿಂದೆ ತಿರುಗಿ ನೋಡಿದಳು.

ಆದರೆ ಆಟ? ಯಾರಾದರೂ ಮೈಮೇಲೆ ಬಿದ್ದರೆ ಅವಳ ಕೈ ಮುಖಕ್ಕೆ ಹೋಗುತ್ತಿತ್ತು. ನೆಲಕ್ಕೆ ಬೀಳುವ ಮೊದಲೇ ನಿಂತುಬಿಡುತ್ತಿದ್ದಳು. ಫರ್ಜಾನಾ ಅವಳೊಂದಿಗೆ ಮಾತು ಬಿಟ್ಟಳು. ಹಣ ಕಂಡು ಹೊಟ್ಟೆಕಿಚ್ಚು ಪಟ್ಟಿದ್ದಾಳೆಂದು ತಿಳಿದು ಬುದ್ಧಿ ಹೇಳಹೋದೆ; ಹೊಟ್ಟೆಕಿಚ್ಚಿನ ವಿಷಯದಲ್ಲಿ ನನಗೆ ಅನುಭವವಿತ್ತು.

“ರೊಕ್ಕ ಯಾರಿಗೆ ಬ್ಯಾಡ್ರಿ ಸರ? ಬರಲಿ ಪಾಪ,” ಎಂದಳು ಫರ್ಜಾನಾ. “ಆದ್ರ ಆಕಿ ಬರೇ ಮಾರಿ ಕಾಯಾಕ ಹತ್ಯಾಳ. ನಾವು ಆರು ಮಂದಿ ಮಣ್ಣಾಗ ಬೀಳೋದು, ಆಕಿ ನಿಂತು ನೋಡೋದು. ಹಿಂಗ ಆಡಬೇಕಂತ ಆಕಿಗೆ ಯಾರು ಕಲಿಸ್ಯಾರೋ ಏನೋ.”

ಕಲಿಸಿದವನು ಅವಳ ಮುಂದೆಯೇ ನಿಂತಿದ್ದ. ಬಾಳೆಹಣ್ಣು ಹಂಚಿದೆ.

ಕೊಪ್ಪಳದಲ್ಲಿ ಮುಂದಿನ ಪಂದ್ಯ, ಮಣ್ಣಿನ ಅಂಕಣ. ಹುಲಿಗೆಮ್ಮ ಮೊದಲಿಗೇ ಔಟಾಗಿ ಬಂದು ನನ್ನ ಪಕ್ಕ ಕೂತಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಕೊನೆಗೆ ಅಂಕಣದಲ್ಲಿ ಉಳಿದವಳು ಫರ್ಜಾನಾ ಒಬ್ಬಳೇ. ಎದುರಾಳಿ ತಂಡದ ಎತ್ತರದ ಹುಡುಗಿ ಕಬಡ್ಡಿ ಕಬಡ್ಡಿ ಎನ್ನುತ್ತ ಒಳಬಂದಳು. ಫರ್ಜಾನಾ ಬಗ್ಗಿ ಅವಳ ಕಣಕಾಲಿಗೆ ಬಿದ್ದಳು. ಆ ಹುಡುಗಿ ಒದ್ದಳು, ಎಳೆದಳು. ಇವಳ ಮುಖ ಮಣ್ಣಿನಲ್ಲಿ ಉಜ್ಜಿಹೋಯಿತು, ಹಿಡಿತ ಮಾತ್ರ ಸಡಿಲಲಿಲ್ಲ. ಆ ಹುಡುಗಿ ಔಟಾದಳು. ಆಟದ ನಿಯಮದಂತೆ, ಮೊದಲು ಔಟಾದ ಹುಲಿಗೆಮ್ಮನಿಗೆ ಮತ್ತೆ ಜೀವ ಬಂತು.

ಅವಳು ಎದ್ದು ಒಳಗೆ ಹೋದಾಗ ಫರ್ಜಾನಾ ಬಾಯಲ್ಲಿದ್ದ ಮಣ್ಣು ಉಗುಳಿ, ತಿಂಗಳ ನಂತರ ಮೊದಲ ಮಾತಾಡಿದಳು: “ಈಗರ ಆಡ್ತಿ ಏನ?”

ಹುಲಿಗೆಮ್ಮ ಎದುರಾಳಿಗಳ ಅಂಕಣಕ್ಕೆ ನುಗ್ಗಿದಳು, ಇಬ್ಬರನ್ನು ಮುಟ್ಟಿದಳು, ನಾಲ್ವರು ಅವಳ ಮೇಲೆ ಬಿದ್ದರು. ಕೈ ಮುಖಕ್ಕೆ ಹೋಗಲಿಲ್ಲ, ಮುಂದಕ್ಕೆ ಚಾಚಿತು. ಹುಬ್ಬು ನೆಲಕ್ಕೆ ಬಡಿದು ರಕ್ತ ಬಂತು. ಬೆರಳು ಗೆರೆ ಮುಟ್ಟಿತು. ಅಲ್ಲಿಂದ ಆಟ ತಿರುಗಿತು, ಪಂದ್ಯ ಗೆದ್ದೆವು. ಫರ್ಜಾನಾ ಬದಿಗಿಟ್ಟಿದ್ದ ತನ್ನ ಓಢಣಿ ತಂದು ಆ ರಕ್ತ ಒತ್ತಿ ಹಿಡಿದಳು. ಇಬ್ಬರೂ ಯಾಕೋ ಅಳುತ್ತಿದ್ದರು.

ಹುಬ್ಬಿಗೆ ಮೂರು ಹೊಲಿಗೆ ಬಿದ್ದವು. ಕೊಟ್ಟ ಹಣ ಕುಷ್ಟಗಿಯ ಬಯಲಿನಲ್ಲಿ ಮೇಯುತ್ತಿತ್ತು. ಮರುದಿನ ನಾನು, ಅವಳು ಗಿರಣಿಗೆ ಹೊರಟೆವು. ದಾರಿಯುದ್ದಕ್ಕೂ ‘ತಕ್ಕದ್ದು’ ಎಂಬುದಕ್ಕೆ ಮೆತ್ತಗಿನ ಅರ್ಥವೇನಾದರೂ ಇದೆಯೇ ಎಂದು ಹುಡುಕುತ್ತಿದ್ದೆ.

ಸಾಹುಕಾರರು ಬ್ಯಾಂಡೇಜ್ ನೋಡಿದರು. “ಅಯ್ಯ, ಭಾಳ ಬಡದೈತೇನವಾ? ದವಾಖಾನಿಗೆ ಹೋಗಿದ್ದಿಲ್ಲೋ?” ಎಂದರು. ನಾನು ಕರಾರಿನ ಸಾಲನ್ನು ನೆನಪಿಸಿದೆ. “ಅದನ್ನ ವಕೀಲರು ಬರದಾರ್ರಿ ಮಾಸ್ತರ, ನಾನೆಲ್ಲಿ ಓದೇನಿ?” ಎಂದು ನಕ್ಕರು. “ಫೋಟೋ ತಗದಾಗೈತಿ, ಎರಡು ವರ್ಷಕ್ಕಾಗೋವಷ್ಟು ಚೀಲ ಹೊಡಿಸೇವಿ. ಇನ್ನ ಮಾರಿ ಆಕೀದು, ಆಕಿ ನೋಡ್ಕೊಳ್ಳಲಿ.”

ಇಡೀ ಗಂಗಾವತಿಯಲ್ಲಿ ಆ ಕರಾರನ್ನು ಶ್ರದ್ಧೆಯಿಂದ ಓದಿದವನು ನಾನೊಬ್ಬನೇ ಇರಬೇಕು.

ಹೊರಗೆ ಬಂದಾಗ ಲಾರಿಗೆ ಚೀಲ ಹೇರುತ್ತಿದ್ದರು. ಒಂದೊಂದರ ಮೇಲೂ ಹುಲಿಗೆಮ್ಮ, ಪೌಡರು ಬಳಿದ, ಗೀರೂ ಇಲ್ಲದ ಮುಖ. ಅವಳು ಹತ್ತಿರ ಹೋಗಿ ಒಂದು ಚೀಲದ ಮೇಲಿನ ಧೂಳು ಒರೆಸಿದಳು.

“ಸರ, ಇದು ಕಲೆ ಉಳಿತೈತೇನ್ರಿ?” ಎಂದು ಹುಬ್ಬು ಮುಟ್ಟಿ ಕೇಳಿದಳು.

“ಉಳಿಬಹುದವಾ.”

“ಉಳಿಲಿ ಬಿಡ್ರಿ. ಚೀಲದ ಮ್ಯಾಲಿನಾಕಿ ಯಾರು, ನಾ ಯಾರು ಅನ್ನೋದು ಗೊತ್ತಾಗ್ತೈತಿ.”