ಎರಡು ಹೆಬ್ಬೆರಳಿನ ಆಟ

ದೊಡ್ಡಬಳ್ಳಾಪುರದಲ್ಲಿ ನಮ್ಮ ಪಕ್ಕದ ಮನೆಯ ಯಜಮಾನರು ಮಗ್ಗ ನಡೆಸುತ್ತಿದ್ದರು. ಲಕ್ವ ಹೊಡೆದು ಅವರ ಬಲಗೈ ಸ್ವಾಧೀನ ತಪ್ಪಿತು. ಬೆರಳು ಆಡಿದರೆ ಮಾತ್ರ ಮತ್ತೆ ಮಗ್ಗ ಎಂದರು ಡಾಕ್ಟರು. ಏರ್‌ಪೋರ್ಟಿಗೆ ಟ್ಯಾಕ್ಸಿ ಓಡಿಸುವ ಅಳಿಯ ಅದಕ್ಕೆಂದೇ ಟೀವಿಗೆ ಸಿಕ್ಕಿಸುವ ಆಟವೊಂದನ್ನು ತಂದುಕೊಟ್ಟ. ಕೈಯಲ್ಲಿ ಹಿಡಿಯುವ ಅದರ ಡಬ್ಬಿಯ ಮೇಲೆ ಎರಡು ಗಿಡ್ಡ ಕಡ್ಡಿ. ಎಡ ಹೆಬ್ಬೆರಳಿನಿಂದ ಒಂದನ್ನು ತಿರುಗಿಸಿದರೆ ಪರದೆಯ ಸಿಪಾಯಿ ಓಡುತ್ತಾನೆ, ಬಲ ಹೆಬ್ಬೆರಳಿನಿಂದ ಇನ್ನೊಂದನ್ನು ತಿರುಗಿಸಿದರೆ ಗುಂಡು ಹಾರಿಸುತ್ತಾನೆ. ಒಂದು ಕೈಯ ಕೆಲಸವನ್ನು ಇನ್ನೊಂದು ಮಾಡಿಕೊಡುವಂತಿಲ್ಲ. ಅದೇ ಆ ಆಟದ ಒಳ್ಳೆಯ ಗುಣ. ಕರುಣೆ ಮಾತ್ರ ಇಲ್ಲ. ಆಡುವವರ ಕೈ ನಿಧಾನ ಎಂದು ವೈರಿಗಳು ಕಾಯುವುದಿಲ್ಲ, ನಾಲ್ಕೂ ಕಡೆಯಿಂದ ಮುತ್ತುತ್ತಾರೆ.

ಹಾಲು ತರಲು ಹೋಗುವಾಗ ಅವರ ಕಿಟಕಿಯಲ್ಲಿ ಇಣುಕಿ ಕೇಳುತ್ತಿದ್ದೆ: "ಏನಣ್ಣಾ, ಹೊಡೆದ್ರಾ?"

"ಎಲ್ಲಿ ಹೊಡೆಯೋದಮ್ಮಾ, ಬರೀ ಓಡ್ತಾ ಇದೀನಿ," ಎನ್ನುತ್ತ ಜಾರಿದ ಬಲಗೈಯನ್ನು ಎಡಗೈಯಿಂದ ಎತ್ತಿ ಕಡ್ಡಿಯ ಮೇಲಿಡುತ್ತಿದ್ದರು. ಅಷ್ಟರಲ್ಲಿ ಸಿಪಾಯಿ ಸತ್ತಿರುತ್ತಿದ್ದ. ಮಳೆಗಾಲ ಕಳೆದರೂ ಅದೇ ಉತ್ತರ. ಕೇಳಲು ನನಗೇ ಸುಸ್ತಾಗತೊಡಗಿತ್ತು.

ಒಂದು ಬೆಳಿಗ್ಗೆ ಒಳಗಿನಿಂದ ಅವರ ಹೆಂಡತಿಯ ಕೂಗು ಕೇಳಿತು: "ಅಯ್ಯೋ, ಓಡೋದ್ ಬಿಟ್ಟು ನಿಂತೇಬಿಟ್ರಲ್ರೀ! ಸತ್ತೋದ ನೋಡಿ!"

"ಸಾಯ್ಲಿ ಬಿಡೇ. ಗೋಡೆಗಾದ್ರೂ ಗುಂಡು ಹೋಯ್ತಲ್ಲಾ, ನೋಡಿದ್ಯಾ?"