ಮಿಲಿಮೀಟರೋ, ಇಂಚೋ

ಎಂಬತ್ತರ ದಶಕದಲ್ಲಿ, ನಾವು ಪರದೇಶದಲ್ಲಿದ್ದ ಆ ವರ್ಷಗಳಲ್ಲಿ ನನ್ನ ಗಂಡನ ಬಾಯಲ್ಲಿ ಒಂದೇ ಮಾತು: "ಹೇಗೂ ವಾಪಸ್ ಹೋಗುವವರಲ್ಲವಾ?" ಸೋಫಾ ಬೇಡ, ವಾಪಸ್ ಹೋಗುವವರು. ನನಗೆ ಕಾಲೇಜು ಬೇಡ, ವಾಪಸ್ ಹೋಗುವವರು. ಕ್ಯಾಂಪ್‌ಬೆಲ್‌ನ ಆ ಅಪಾರ್ಟ್‌ಮೆಂಟಿನಲ್ಲಿ ನಾನು ಬಸ್‌ಸ್ಟ್ಯಾಂಡಿನಲ್ಲಿ ಕುಳಿತವಳ ಹಾಗೆ ಬದುಕುತ್ತಿದ್ದೆ. ರೋಸಿಹೋಗಿತ್ತು ನನಗೆ.

ಅಂಥ ಹೊತ್ತಿನಲ್ಲಿ ಉಡುಪಿಯಿಂದ ತಂದ ಗ್ರೈಂಡರು ಕೈಕೊಟ್ಟಿತು. ಮೋಟಾರನ್ನು ಬೀಡುಕಬ್ಬಿಣದ ತಳಕ್ಕೆ ಬಿಗಿಯುವ ಬೋಲ್ಟು ಎಷ್ಟು ತಿರುಗಿಸಿದರೂ ಕಚ್ಚುತ್ತಿರಲಿಲ್ಲ. ತೂತಿನ ಒಳಗಿನ ಥ್ರೆಡ್ಡು, ಬೋಲ್ಟು ಕಚ್ಚುವ ಸುರುಳಿ ಗೆರೆ, ಸವೆದು ನುಣ್ಣಗಾಗಿತ್ತು. ಮೋಟಾರು ಸಡಿಲಾಗಿ ಬೆಲ್ಟು ಜಾರಿತು. ಉದ್ದು ಅರ್ಧ ಅರೆದಲ್ಲಿಗೇ ನಿಂತಿತು.

"ಬಿಟ್ಟುಬಿಡು ಮಾರಾಯ್ತಿ. ಊರಿಗೆ ಹೋದ ಮೇಲೆ ಹೊಸತು ತೆಗೆದುಕೊಳ್ಳುವ," ಎಂದರು ಇವರು.

ಪಿತ್ತ ನೆತ್ತಿಗೇರಿತು. ಇದನ್ನು ನಾನೇ ಸರಿಮಾಡುತ್ತೇನೆ, ಇಲ್ಲೇ ಮಾಡುತ್ತೇನೆ ಎಂದು ಹಟ ಹಿಡಿದೆ.

ಬೋಲ್ಟನ್ನು ಬ್ಯಾಗಿಗೆ ಹಾಕಿಕೊಂಡು ಬಸ್ಸು ಹತ್ತಿ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಹೊಸ ಥ್ರೆಡ್ಡು ಕೊರೆಯುವುದು ಟ್ಯಾಪು, ಕೈಯಿಂದ ತಿರುಗಿಸುವ ಹಲ್ಲುಹಲ್ಲಿನ ಉಕ್ಕಿನ ಕಡ್ಡಿ. ನನ್ನ ತೂತು ಆಚೆ ಬದಿಗೆ ತೆರೆದಿರಲಿಲ್ಲ, ಬಾವಿಯ ಹಾಗೆ ತಳವಿತ್ತು. ಹಾಗಾದರೆ ಮೂರು ಟ್ಯಾಪು ಬೇಕು ಎಂದ ಅಂಗಡಿಯವ: ಶುರುಮಾಡಲು ತುದಿ ಸಪೂರವಾದದ್ದು, ಆಮೇಲೆ ನಡುವಿನದು, ತಳ ಮುಟ್ಟಿಸಲು ತುದಿ ಮೊಂಡಾದದ್ದು. ಸವೆದ ತೂತನ್ನು ಹೇಗಿದ್ದರೂ ಒಂದು ಅಳತೆ ದೊಡ್ಡದು ಮಾಡಲೇಬೇಕಿತ್ತು. ಮಿಲಿಮೀಟರ್ ಅಳತೆಯ ಟ್ಯಾಪು ಬೇಕಾದರೆ ತರಿಸಬೇಕು, ಇಂಚಿನದು ಕೈಯಲ್ಲೇ ಇದೆ ಎಂದ.

ಮಿಲಿಮೀಟರಿನದಾದರೆ ಅದಕ್ಕೆ ಬೋಲ್ಟು ಊರಿನಲ್ಲಿ ಎಲ್ಲಿ ಬೇಕಾದರೂ ಸಿಗುತ್ತದೆ. ಇಂಚಿನದಾದರೆ ಅಲ್ಲಿ ಹುಡುಕಿ ಸುಸ್ತಾಗಬೇಕು. ಒಮ್ಮೆ ಕೊರೆದ ಮೇಲೆ ಬದಲಿಸುವ ಹಾಗೂ ಇಲ್ಲ. ಇಂಚಿನದೇ ಕೊಡಿ ಎಂದೆ.

ಪಕ್ಕದ ಮನೆಯವರ ಡ್ರಿಲ್ಲು ತಂದು, ಕಾರು ನಿಲ್ಲಿಸುವ ಜಾಗದಲ್ಲಿ ಕೂತು ತೂತು ದೊಡ್ಡದು ಮಾಡಿದೆ. ಟ್ಯಾಪು ಸಲೀಸಾಗಿ ಇಳಿಯಲಿ ಎಂದು ತೆಂಗಿನೆಣ್ಣೆ ಸುರಿದೆ. ನಮ್ಮ ಕಡೆ ತಲೆಗೂದಲಿನಿಂದ ಹೊಲಿಗೆ ಮೆಷಿನ್ನಿನವರೆಗೆ ಎಲ್ಲದಕ್ಕೂ ಅದೇ ಮದ್ದು! ಡಿಸೆಂಬರಿನ ಚಳಿಗೆ ಎಣ್ಣೆ ಗಟ್ಟಿಯಾಗಿ, ಬೀಡಿನ ಪುಡಿಯ ಜೊತೆ ಕಲಸಿಕೊಂಡು ಕರಿ ಮೇಣವಾಯಿತು. ಟ್ಯಾಪು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಬಲ ಹಾಕಿದರೆ ಒಳಗೇ ಮುರಿಯುತ್ತದೆ, ಆಮೇಲೆ ಗ್ರೈಂಡರು ಕಸಕ್ಕೆ. ಇವರ ಮಾತೇ ಗೆದ್ದಂತೆ.

ಅಷ್ಟು ಸುಲಭಕ್ಕೆ ಬಿಡುವವಳಲ್ಲ ನಾನು. ಹೇರ್ ಡ್ರೈಯರ್ ತಂದು ಬಿಸಿ ಗಾಳಿ ಹಿಡಿದೆ. ಎಣ್ಣೆ ಕರಗಿತು, ಟ್ಯಾಪು ಮೆಲ್ಲನೆ ಹಿಂದಕ್ಕೆ ಬಂತು. ಹಳೆ ಬಟ್ಟೆ ತುರುಕಿ ತೂತನ್ನು ಒಣಗಿಸಿದೆ. ಮತ್ತೆ ಎಣ್ಣೆ ಮುಟ್ಟಲಿಲ್ಲ. ಬೀಡಿಗೆ ಅದು ಬೇಕಾಗಿಯೂ ಇರಲಿಲ್ಲ. ಸ್ವಲ್ಪ ಮುಂದಕ್ಕೆ ತಿರುಗಿಸಿ, ಸ್ವಲ್ಪ ಹಿಂದಕ್ಕೆ ತಿರುಗಿಸಿ, ಪುಡಿ ಕೊಡವಿ, ಹೀಗೆ ಮೂರೂ ಟ್ಯಾಪುಗಳನ್ನು ಒಂದರ ಹಿಂದೆ ಒಂದು ಇಳಿಸಿದೆ. ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

ಇವರು ಆಫೀಸಿನಿಂದ ಬಂದಾಗ ಹೊಸ ಬೋಲ್ಟು ಬಿಗಿಯುತ್ತಿದ್ದೆ. ಬಗ್ಗಿ ನೋಡಿದರು. ಎಂಜಿನಿಯರ್ ಅಲ್ಲವೇ, ತಕ್ಷಣ ಗೊತ್ತಾಯಿತು.

"ಇದು ಇಂಚಿನದಲ್ಲವಾ? ಊರಿಗೆ ಹೋದ ಮೇಲೆ ಎಂತ ಮಾಡುವುದು?"

"ಗ್ರೈಂಡರು ಇನ್ನು ಇಲ್ಲಿಯದು," ಎಂದೆ. ಬೋಲ್ಟಿಗೆ ಕೊನೆಯ ಸುತ್ತು ಕೊಟ್ಟೆ. "ನಾನೂ ಇಲ್ಲಿಯೇ ಇರುವುದು. ನಿಮಗೆ ಹೋಗಲೇಬೇಕಾದರೆ ಹೋಗಿ ಬನ್ನಿ."

ಅವರು ಶರ್ಟಿನ ತೋಳು ಮಡಚಿ ಗ್ರೈಂಡರಿನ ಒಂದು ಬದಿ ಹಿಡಿದರು. ಇನ್ನೊಂದು ಬದಿ ನಾನು ಹಿಡಿದೆ. ಅಡುಗೆಮನೆಯ ಬಾಗಿಲಲ್ಲಿ ನಿಂತು, "ಎಲ್ಲಿ ಇಡುವುದು, ಹೇಳು," ಎಂದರು.

ಆ ಮನೆಯಲ್ಲಿ ಒಂದು ವಸ್ತು ಎಲ್ಲಿರಬೇಕು ಎಂದು ಅವರು ನನ್ನನ್ನು ಕೇಳಿದ್ದು ಅದೇ ಮೊದಲು.