ಕಾಮಾಕ್ಷಮ್ಮನ ಅಗ್ಗ

ಬೆಳಗಿನ ಆರು ಗಂಟೆ. ದಂಡಿಗನಹಳ್ಳಿಯ ಆಚೆಗಿನ ಬಯಲಿಗೆ ಇನ್ನೂ ಬಣ್ಣ ಬಂದಿಲ್ಲ. ಹುಲ್ಲಿನ ಮೇಲೆ ಉದ್ದಕ್ಕೆ ಬಿದ್ದಿರುವ ಬಿಳಿ ಹಗ್ಗದ ಪಕ್ಕದಲ್ಲಿ ಕಾಮಾಕ್ಷಮ್ಮ ಬಗ್ಗಿ ನಡೆಯುತ್ತಿದ್ದಾರೆ. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದ್ದಾರೆ, ಕೊರಳಿಗೊಂದು ಟವೆಲ್ಲು. ಹಗ್ಗವನ್ನು ಎರಡೂ ಅಂಗೈಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಒತ್ತುತ್ತಾರೆ, ಒಂದು ಹೆಜ್ಜೆ ಇಡುತ್ತಾರೆ, ಮತ್ತೆ ಒತ್ತುತ್ತಾರೆ. ಹೀಗೆ ಸಾವಿರದ ಇನ್ನೂರು ಮೀಟರು. ಮುಕ್ಕಾಲು ಗಂಟೆಯ ಕೆಲಸ. ಅಷ್ಟು ಹೊತ್ತೂ ಅವರ ಕಣ್ಣು ಹಗ್ಗದ ಮೇಲಿರುವುದಿಲ್ಲ.

"ಕಣ್ಣು ಮೋಸ ಮಾಡ್ತದೆ. ಚೆನ್ನಾಗಿ ಕಂಡಿದ್ದೆಲ್ಲ ಚೆನ್ನಾಗೈತೆ ಅಂದ್ಬುಡ್ತದೆ. ಬೆರಳು ಅಂಗಲ್ಲ, ಅದು ಅನುಮಾನದ ಪ್ರಾಣಿ" ಎನ್ನುತ್ತಾರೆ.

ಇಂದು ಹತ್ತು ಹೆಜ್ಜೆ ನಡೆದವರು ನಿಂತುಬಿಟ್ಟಿದ್ದಾರೆ. ಅಂಗೈ ತಿರುಗಿಸಿ ನೋಡಿಕೊಳ್ಳುತ್ತಾರೆ. ಫೆಬ್ರವರಿಯಲ್ಲಿ ಈ ಹೊತ್ತಿಗೆ ಹಗ್ಗದ ತುಂಬಾ ಇಬ್ಬನಿ ಇರಬೇಕು, ಸೀರೆಯ ಅಂಚು ನೆಂದು ಕಾಲಿಗೆ ಅಂಟಬೇಕು. ಕೈ ಒಣಗಿದೆ.

"ಅಗ್ಗ ಒಣಗೈತೆ ಸಾ" ಎಂದು ದೂರದಲ್ಲಿ ಹಲ್ಲುಜ್ಜುತ್ತಿದ್ದ ತರಬೇತುದಾರ ಸಿದ್ದೇಶ್ವರ ಅವರಿಗೆ ಕೂಗಿ ಹೇಳುತ್ತಾರೆ. "ಬಾನು ಬಿಚ್ಕಂಡಿದ್ರೆ ಇಬ್ಬನಿ ಬೀಳ್ತಿತ್ತು. ರಾತ್ರಿಯೆಲ್ಲ ಮೋಡ ಒದ್ಕಂಡು ಮಲಗೈತೆ. ಪಡುವಲಿಂದ ಏನೋ ಬಂದು ಸೇರ್ಕಂಡೈತೆ. ಇವತ್ತಿನ ದಿನಾನ ನಂಬಂಗಿಲ್ಲ."

ಹಳೆ ಮೈಸೂರಿನ ಬಾಯಲ್ಲಿ 'ಹ' ನಿಲ್ಲುವುದಿಲ್ಲ. ಹಗ್ಗ ಅಗ್ಗವಾಗುತ್ತದೆ. ಹಾಸನದಿಂದ ಬರುವ ಪೈಲಟ್ ರಜನೀಶ್‌ಗೆ ಇದು ದಿನದ ತಮಾಷೆ. "ಅಗ್ಗ ಅಲ್ಲ ಕಾಮಾಕ್ಷಮ್ಮ, ಹಗ್ಗ. ಅಗ್ಗ ಅಂದ್ರೆ ಕಡಿಮೆ ರೇಟಿಂದು" ಎಂದು ಅವರು ತಿದ್ದುತ್ತಾರೆ. ಕಾಮಾಕ್ಷಮ್ಮನ ಉತ್ತರವೂ ದಿನಾ ಒಂದೇ: "ನಿಮ್ ಬಾಯಲ್ಲಿ ಅದೇನಾರ ಆಗ್ಲಿ ಸಾ. ಅದ್ರ ತುದೀಲಿ ನೇತಾಕ್ಕಂಡ್ ಓಗೋದು ನಿಮ್ ಜೀವ."

ಇದು ಗ್ಲೈಡಿಂಗ್ ಕ್ಲಬ್ಬಿನ ಬಯಲು. ಗ್ಲೈಡರ್‌ಗೆ ಎಂಜಿನ್ ಇಲ್ಲ. ಬಯಲಿನ ಒಂದು ತುದಿಯಲ್ಲಿ ಹಳೆಯ ಲಾರಿ ಎಂಜಿನ್ ಕೂರಿಸಿದ ದೊಡ್ಡ ರಾಟೆಯಿದೆ. ಅದನ್ನು ವಿಂಚ್ ಎನ್ನುತ್ತಾರೆ. ಅದು ಹಗ್ಗವನ್ನು ಸರ್ರನೆ ಸುತ್ತಿಕೊಂಡರೆ, ಇನ್ನೊಂದು ತುದಿಗೆ ಕೊಂಡಿ ಹಾಕಿದ ಗ್ಲೈಡರ್ ಗಾಳಿಪಟದಂತೆ ಎದ್ದು ಸಾವಿರದಿನ್ನೂರು ಅಡಿ ಏರುತ್ತದೆ. ಅಲ್ಲಿ ಪೈಲಟ್ ಕೊಂಡಿ ಕಳಚುತ್ತಾರೆ. ಆಮೇಲಿನದು ಬಿಸಿಲಿಗೆ ಬಿಟ್ಟದ್ದು. ಕಾದ ನೆಲದಿಂದ ಬಿಸಿಗಾಳಿ ಕಂಬದ ಹಾಗೆ ಮೇಲೇಳುತ್ತದೆ. ಅದರೊಳಗೆ ಹದ್ದಿನಂತೆ ಸುತ್ತುತ್ತ ಏರಬೇಕು, ಮುಂದಿನ ಕಂಬ ಸಿಗುವವರೆಗೆ ಜಾರಬೇಕು. ರಾಗಿ ಕೊಯ್ದ ಹೊಲ, ಬಂಡೆ, ಹೆಂಚಿನ ಸೂರು ಎತ್ತುತ್ತವೆ. ನಾಲೆಯ ನೀರು ಕುಡಿದ ಗದ್ದೆ ಕೆಳಕ್ಕೆಳೆಯುತ್ತದೆ. ಹನ್ನೊಂದರಿಂದ ಮೂರರವರೆಗೆ ಆಕಾಶ ತೆರೆದಿರುತ್ತದೆ. ಸ್ಪರ್ಧೆಯ ದಿನಗಳಲ್ಲಿ ಆ ನಾಲ್ಕು ಗಂಟೆಯೊಳಗೆ ಹೊಳೆನರಸೀಪುರ, ಅರಕಲಗೂಡು ಸುತ್ತಿ ಚನ್ನರಾಯಪಟ್ಟಣದ ಮೇಲಾಗಿ ಇಲ್ಲಿಗೇ ಬಂದಿಳಿಯಬೇಕು. ಯಾರು ಹೆಚ್ಚು ದೂರ, ಯಾರು ಬೇಗ ಎಂಬುದರ ಮೇಲೆ ಅಂಕ. ಒಂದರ್ಧ ಗಂಟೆ ಕಳೆದುಕೊಂಡರೂ ಯಾರದೋ ಹೊಲದಲ್ಲಿ ಇಳಿಯಬೇಕಾಗುತ್ತದೆ.

ಕಾಮಾಕ್ಷಮ್ಮನಿಗೀಗ ಐವತ್ತೆರಡು. ಮದುವೆಯಾಗಿ ಬಂದ ಮರುವರ್ಷದಿಂದ ಚನ್ನರಾಯಪಟ್ಟಣದ ಬಳಿಯ ನಾರಿನ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ತೆಂಗಿನ ನಾರು ಹುರಿ ಮಾಡಿದರು. ಕಾರ್ಖಾನೆ ಮುಚ್ಚಿತು. ಕೆಲವು ವರ್ಷ ಕೂಲಿ. ಆಮೇಲೆ ಈ ಕ್ಲಬ್ಬಿನಲ್ಲಿ ಕಸ ಗುಡಿಸಿ ಟೀ ಕಾಯಿಸುವ ಕೆಲಸ ಸಿಕ್ಕಿತು. ಬೆಳಕು ಹರಿಯುವ ಮೊದಲೇ ಹೆಂಡತಿ 'ವಿಮಾನದೋರ' ಹತ್ತಿರ ಹೋಗುತ್ತಾಳೆಂದು ಊರಿನಲ್ಲಿ ಮಾತಾಯಿತು. ಗಂಡ ಚನ್ನಪ್ಪ ಏನೂ ಕೇಳಲಿಲ್ಲ. ಮೂರು ದಿನ ಸೈಕಲ್ಲಿನಲ್ಲಿ ಹಿಂದೆ ಹಿಂದೆ ಬಂದು ಲಂಟಾನದ ಪೊದೆಯ ಮರೆಯಲ್ಲಿ ನಿಂತು ನೋಡಿದರು.

"ನಂಗೆ ಮೊದಲ್ನೇ ದಿನಾನೇ ಗೊತ್ತಾಯ್ತು. ಆ ಸೈಕಲ್ ಚೈನು ಕಿರ್ ಅಂತದಲ್ಲ" ಎಂದು ಕಾಮಾಕ್ಷಮ್ಮ ನಗುತ್ತಾರೆ. "ಬಯ್ಯನಾ ಅಂದ್ಕಂಡೆ. ಆಮೇಲೆ, ನೋಡ್ಕಳ್ಳಿ ಬುಡು ಅಂತ ಸುಮ್ನಾದೆ. ನಾಕನೇ ದಿನ ಒಂದ್ ಜೊತೆ ಕ್ಯಾನ್ವಾಸ್ ಶೂ ತಂದಿಟ್ಬುಟ್ಟು, 'ಊರಿಂದ ಅಷ್ಟ್ ದೂರ ಬರಿಗಾಲಲ್ಲಿ ನಡೀತೀಯಲ್ಲೇ, ಮುಳ್ಳು ತುಳುದ್ರೆ?' ಅಂದ್ರು. ಅನುಮಾನ ಪಟ್ಟೋರು ನೋಡ್ಬೇಕು, ನೋಡಿದ್ ಮ್ಯಾಕೆ ಒಪ್ಕಬೇಕು. ಅಷ್ಟಿದ್ರೆ ಅನುಮಾನ ಕೆಟ್ಟದ್ದಲ್ಲ."

ಟೀ ಲೋಟ ಹಿಡಿದಿದ್ದ ಕೈಗೆ ಹಗ್ಗ ಬಂದದ್ದು ಆರು ವರ್ಷದ ಹಿಂದೆ. ದಾರಿಗಡ್ಡ ಬಿದ್ದಿದ್ದ ಹಗ್ಗವನ್ನು ಎತ್ತಿ ಪಕ್ಕಕ್ಕಿಡುವಾಗ ಒಂದು ಕಡೆ ಬೆರಳು ನಿಂತಿತು. "ಇಲ್ಲೇನೋ ಸರಿ ಇಲ್ಲ" ಎಂದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೂರನೆಯ ಹಾರಾಟದಲ್ಲಿ ಹಗ್ಗ ಅಲ್ಲೇ ತುಂಡಾಯಿತು. ಗ್ಲೈಡರ್ ಇನ್ನೂ ಹೆಚ್ಚು ಎತ್ತರಕ್ಕೆ ಏರಿರಲಿಲ್ಲ. ಸಿದ್ದೇಶ್ವರ ಅದನ್ನು ನೇರಕ್ಕೆ ಇಳಿಸಿದರು. ಇಳಿದವರು ನೆಟ್ಟಗೆ ಅಡುಗೆಮನೆಗೆ ಬಂದು, "ನಾಳೆಯಿಂದ ಟೀ ಬೇರೆಯವರು ಮಾಡ್ತಾರೆ" ಎಂದರು.

ಅಂದಿನಿಂದ ಇಂದಿನವರೆಗೆ ಕಾಮಾಕ್ಷಮ್ಮ ಹದಿನೇಳು ಸಲ ಹಾರಾಟ ನಿಲ್ಲಿಸಿದ್ದಾರೆ. ಹದಿಮೂರು ಸಲ ಹಗ್ಗದೊಳಗೆ ಎಳೆ ಸವೆದಿತ್ತು. ನಾಲ್ಕು ಸಲ ಏನೂ ಇರಲಿಲ್ಲ. ಈ ಲೆಕ್ಕ ಕ್ಲಬ್ಬಿನಲ್ಲಿ ಯಾರೂ ಇಟ್ಟಿಲ್ಲ, ಅವರ ತಲೆಯಲ್ಲಿದೆ. ಹಾರಾಟದ ರಿಜಿಸ್ಟರಿನಲ್ಲಿ ಪೈಲಟ್ ಸಹಿಗೆ ಜಾಗವಿದೆ, ತರಬೇತುದಾರರಿಗಿದೆ, ವಿಂಚ್ ನಡೆಸುವ ಶಶಿಕುಮಾರ್‌ಗೂ ಇದೆ. ಹಗ್ಗ ಮುಟ್ಟಿದವರಿಗೆ ಇಲ್ಲ.

ಇಬ್ಬನಿ ಬೀಳದ ಈ ದಿನ, ನಾಲ್ಕು ದಿನದ ಸ್ಪರ್ಧೆಯ ಮೂರನೆಯ ದಿನ. ಏಳು ಗ್ಲೈಡರ್‌ಗಳು. ಹಾಸನದಲ್ಲಿ ಹಾರ್ಡ್‌ವೇರ್ ಅಂಗಡಿಯಿರುವ ರಜನೀಶ್ ಮೊದಲ ಸ್ಥಾನದಲ್ಲಿದ್ದಾರೆ. ಹೊಳೆನರಸೀಪುರದ ದಂತವೈದ್ಯೆ ದಿವ್ಯಾ ಸ್ವಲ್ಪ ಹಿಂದೆ. ಎಲ್ಲರ ಮೊಬೈಲಿನಲ್ಲೂ ನಾಲ್ಕರವರೆಗೆ ಒಳ್ಳೆಯ ಬಿಸಿಲು ಎಂದಿದೆ. ಹನ್ನೊಂದಕ್ಕೆ ರಜನೀಶ್ ಸಾಲಿನ ಮುಂದೆ ಕುಳಿತು, ತಲೆಯ ಮೇಲಿನ ಗಾಜಿನ ಮುಚ್ಚಳ ಹಾಕಿಕೊಂಡಿದ್ದಾರೆ. ಮೊದಲ ಹಾರಾಟಕ್ಕೆ ಮುಂಚೆ, ಬಿಸಿಲಿಗೆ ಕಾದ ಹಗ್ಗವನ್ನು ಅಲ್ಲಲ್ಲಿ ಇನ್ನೊಮ್ಮೆ ಮುಟ್ಟುವುದು ಕಾಮಾಕ್ಷಮ್ಮನ ರೂಢಿ. ಕೊಂಡಿಯಿಂದ ನಲವತ್ತು ಹೆಜ್ಜೆಯಲ್ಲಿ ಒಂದು ಗೇಣಿನಷ್ಟು ಹಗ್ಗ ಬೆರಳಿಗೆ ಬಿರುಸಾಗಿ ಸಿಗುತ್ತದೆ. ಬೆಳಿಗ್ಗೆ ಹಾಗಿರಲಿಲ್ಲ ಅನಿಸುತ್ತದೆ. ಇತ್ತೋ? ಅವರು ಕೊರಳಿನ ಕೆಂಪು ಟವೆಲ್ಲು ತೆಗೆದು ಮೇಲೆತ್ತುತ್ತಾರೆ. ಹಾರಾಟ ನಿಲ್ಲಿಸಿ ಎಂಬುದಕ್ಕೆ ಅದೇ ಗುರುತು.

ಕ್ಲಬ್ಬಿಗಿರುವುದು ಅದೊಂದೇ ಹಗ್ಗ. ಅನುಮಾನದ ತುಂಡನ್ನು ಕತ್ತರಿಸಿ, ಎರಡು ತುದಿಗಳನ್ನು ಒಂದರೊಳಗೊಂದು ಹೆಣೆದು, ಎಳೆದು ಪರೀಕ್ಷಿಸುವ ಹೊತ್ತಿಗೆ ಐವತ್ತು ನಿಮಿಷ ಕಳೆಯುತ್ತದೆ. ಕತ್ತರಿಸಿದ ತುಂಡನ್ನು ಸಿದ್ದೇಶ್ವರ ಬ್ಲೇಡಿನಿಂದ ಸೀಳಿ ನೋಡುತ್ತಾರೆ. ಒಳಗೆ ಎಲ್ಲಾ ಎಳೆಗಳೂ ಹಾಲಿನಂತಿವೆ.

"ಏನೂ ಇಲ್ವಲ್ಲಮ್ಮ."

"ಇಲ್ದಿದ್ರೆ ಒಳ್ಳೇದೇ ಆಯ್ತಲ್ಲ ಸಾ" ಎಂದು ಕಾಮಾಕ್ಷಮ್ಮ ತುಂಡನ್ನು ಚೀಲಕ್ಕೆ ಹಾಕಿಕೊಳ್ಳುತ್ತಾರೆ.

ಎರಡೂಕಾಲಕ್ಕೆ ಆಕಾಶ ಮುಚ್ಚುತ್ತದೆ. ಪಡುವಣದಿಂದ ಬಂದ ತೇವ ಮೋಡವಾಗಿ ಉಬ್ಬಿ, ಹರಡಿ, ನೆಲಕ್ಕೆ ನೆರಳು ಹಾಸುತ್ತದೆ. ನೆರಳಾದ ನೆಲ ಯಾರನ್ನೂ ಎತ್ತುವುದಿಲ್ಲ. ಒಬ್ಬರೂ ಸುತ್ತು ಪೂರೈಸುವುದಿಲ್ಲ. ರಜನೀಶ್ ಹೊಳೆನರಸೀಪುರ ದಾಟುತ್ತಿದ್ದಂತೆ ಹುರುಳಿ ಕಿತ್ತ ಹೊಲವೊಂದರಲ್ಲಿ ಇಳಿಯುತ್ತಾರೆ. ದಿವ್ಯಾ ಬಂಡೆಯ ಗುಡ್ಡದ ಸಾಲು ಹಿಡಿದು ಇನ್ನೂ ಒಂಬತ್ತು ಕಿಲೋಮೀಟರು ಮುಂದೆ ಹೋಗಿ, ಅರಕಲಗೂಡಿನ ಹಾದಿಯಲ್ಲಿ ಇಳಿಯುತ್ತಾರೆ. ಆ ಒಂಬತ್ತು ಕಿಲೋಮೀಟರಿನಿಂದ ಮೊದಲ ಸ್ಥಾನ ಕೈ ಬದಲಾಗುತ್ತದೆ.

ಹೊಲದಲ್ಲಿ ರಜನೀಶ್ ಪಟ್ಟ ಪಾಡನ್ನು ಅವರನ್ನು ಕರೆತರಲು ಜೀಪು ಒಯ್ದ ಶಶಿಕುಮಾರ್ ವರ್ಣಿಸುತ್ತಾನೆ. ಹೊಲದೊಡೆಯ ಗುಂಡಯ್ಯ ಎನ್ನುವವರು ಊರನ್ನೇ ಕರೆದಿದ್ದರು. "ಯಾವ ಸರ್ವೆಗ್ ಬಂದಿದ್ದೀಯಪ್ಪಾ? ರೋಡಿಗಾ, ಪ್ಯಾಕ್ಟ್ರಿಗಾ?" ಸರ್ವೆ ಅಲ್ಲ, ಸ್ಪರ್ಧೆ, ಇದರಲ್ಲಿ ಎಂಜಿನ್ ಕೂಡ ಇಲ್ಲ ಎಂದು ರಜನೀಶ್ ಹೇಳಿದ್ದೇ ತಪ್ಪಾಯಿತು. "ಎಂಜಿನ್ನೇ ಇಲ್ದೆ ಚನ್ರಾಯಪಟ್ಣದ ಕಡೆಯಿಂದ ಆರ್ಕಂಡ್ ಬಂದ್ನಂತೆ ಕಣ್ರಲಾ! ನಮ್ಮನ್ನ ಏನಂದ್ಕಂಡವ್ನೆ ಇವ್ನು?" ಎರಡು ಗಂಟೆ ಅವರನ್ನು ಬದುವಿನ ಮೇಲೆ ಕೂರಿಸಿಕೊಂಡಿದ್ದರಂತೆ. ಮಜ್ಜಿಗೆ ಕೊಟ್ಟರು, ಬಿಡಲಿಲ್ಲ.

ಸಂಜೆ ಆರಕ್ಕೆ ಕ್ಲಬ್ಬಿಗೆ ಬಂದ ರಜನೀಶ್ ನೇರವಾಗಿ ಕಾಮಾಕ್ಷಮ್ಮನ ಮುಂದೆ ನಿಂತರು. ಪೈಲಟ್‌ಗಳೆಲ್ಲ ಅಲ್ಲೇ ಇದ್ದರು.

"ಹೋದ ತಿಂಗಳು ದಿವ್ಯಾ ಡಾಕ್ಟ್ರು ನಿಮ್ಮ ಹಲ್ಲು ಕಿತ್ತಿದ್ದು ಬಿಟ್ಟಿ ತಾನೇ?"

ದಿವ್ಯಾ ಗೆಲ್ಲಲೆಂದೇ ಹಗ್ಗ ನಿಲ್ಲಿಸಿದಿರಿ ಎನ್ನುತ್ತಿದ್ದಾರೆಂದು ಎಲ್ಲರಿಗೂ ಅರ್ಥವಾಯಿತು. ದಿವ್ಯಾ ಏನೋ ಹೇಳಲು ಎದ್ದರು. ಕಾಮಾಕ್ಷಮ್ಮ ಕೈ ಅಡ್ಡ ಹಿಡಿದರು.

"ಬಿಟ್ಟೀನೇ ಸಾ. ಮೂರ್ ದಿನ ಮುದ್ದೆ ನುಂಗಕ್ಕಾಗ್ಲಿಲ್ಲ. ಅಲ್ಲು ಕಿತ್ತೋರ ಪರ ಯಾರಾದ್ರೂ ಆಯ್ತಾರಾ?"

ಯಾರೋ ನಕ್ಕರು. ರಜನೀಶ್ ನಗಲಿಲ್ಲ. "ಹಗ್ಗದಲ್ಲಿ ಏನೂ ಇರಲಿಲ್ಲ. ಸಾಲಿನಲ್ಲಿ ಮೊದಲಿದ್ದ ನನ್ನ ಐವತ್ತು ನಿಮಿಷ ಹೋಯ್ತು. ನಾನು ಏನಂದ್ಕೋಬೇಕು?"

ಕಾಮಾಕ್ಷಮ್ಮ ಚೀಲದಿಂದ ಹಗ್ಗದ ತುಂಡು ತೆಗೆದು ಅವರ ಕೈಗೆ ಕೊಟ್ಟರು. "ನೀವೂ ಮುಟ್ಟಿ ನೋಡಿ. ನಿಮಗೇನೂ ಗೊತ್ತಾಗಕಿಲ್ಲ. ನಂಗೂ ಗೊತ್ತಾಗಿರ್ನಿಲ್ಲ, ಅನುಮಾನ ಬಂತು ಅಷ್ಟೇಯ. ನಾಳೀಕೂ ಬಂದ್ರೆ ನಾಳೀಕೂ ನಿಲ್ಲಿಸ್ತೀನಿ." ಆಮೇಲೆ ಕೇಳಿದರು: "ಆ ಒಲದೋರು ನಿಮ್ಮನ್ನ ಕೂರಿಸ್ಕಂಡಿದ್ರಂತಲ್ಲ, ನಿಜ ಏಳುದ್ರೂ ನಂಬ್ದೆ. ಎಂಗಾಯ್ತು ಸಾ ಆಗ ನಿಮ್ಗೆ?"

ರಜನೀಶ್ ತುಂಡನ್ನು ಜೇಬಿಗಿಳಿಸಿ ಹೋದರು. ಅಂದೇ ಲಿಖಿತ ದೂರು ಕೊಟ್ಟರು.

ಮಾರನೆಯ ಬೆಳಿಗ್ಗೆ ಸಿದ್ದೇಶ್ವರ ಅವರು ಗೇಟಿನ ಹತ್ತಿರವೇ ಕಾದಿದ್ದರು. "ಇವತ್ತೊಂದಿನ ಹಗ್ಗ ಮುಟ್ಟಬೇಡಿ ಕಾಮಾಕ್ಷಮ್ಮ. ದೂರಿನ ವಿಚಾರಣೆ ಆಗೋವರೆಗೆ. ನಾಳೆಯಿಂದ ಏನು ಅಂತ ಕಮಿಟಿಯವರು ಹೇಳ್ತಾರೆ." ಸಿದ್ದೇಶ್ವರ ಅವರಿಗೆ ಕಣ್ಣೆತ್ತಿ ನೋಡಲಾಗಲಿಲ್ಲ.

ಕಾಮಾಕ್ಷಮ್ಮ ಮನೆಗೆ ಹೋಗಲಿಲ್ಲ. ಹೊಂಗೆಯ ಮರದ ಕೆಳಗೆ ಕುಳಿತರು. ಆರು ವರ್ಷದಲ್ಲಿ ಮೊದಲ ಸಲ ಆ ಹೊತ್ತಿನಲ್ಲಿ ಅವರ ಕೈ ಖಾಲಿ. ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಸೆರಗಿನೊಳಗೆ ಬಚ್ಚಿಟ್ಟುಕೊಂಡರು. "ಕೂಲಿ ಓದ್ರೆ ಇನ್ನೊಂದ್ ಕೂಲಿ ಸಿಗ್ತದೆ. ನನ್ ಮಾತ್ ಓಯ್ತಲ್ಲ ಅನ್ನೋದು ಎದೇಲಿ ಕೂತಿತ್ತು. ಕಾರ್ಖಾನೇಲಿ ಅದ್ನಾಕ್ ವರ್ಷ ಸಾವಿರಾರು ಮಾರು ನಾರು ಒಸ್ದಿವ್ನಿ, ಒಂದಿನ ಯಾರೂ ನನ್ನ ಏನೂ ಕೇಳಿರ್ನಿಲ್ಲ. ಇಲ್ಲಿ ಆರ್ ವರ್ಷದಿಂದ ದಿನಾ ಕೇಳೋರು. ಅಭ್ಯಾಸ ಆಗೋಗಿತ್ತು" ಎಂದು ಆ ಬೆಳಗನ್ನು ನೆನೆಯುತ್ತಾರೆ.

ಹುಲ್ಲಿನ ಮೇಲೆ ಅಂದು ದಪ್ಪ ಇಬ್ಬನಿಯಿತ್ತು. ಒಳ್ಳೆಯ ದಿನ. ಹಗ್ಗವನ್ನು ಶಶಿಕುಮಾರ್ ನೋಡಿದ, ಬೈಕಿನ ಮೇಲೆ ಕುಳಿತು, ಹತ್ತು ನಿಮಿಷದಲ್ಲಿ. ಹನ್ನೊಂದಕ್ಕೆ ಮೊದಲ ಹಾರಾಟ ರಜನೀಶ್ ಅವರದು. ಬೇಗ ಎದ್ದರೆ ಕಳೆದ ಸ್ಥಾನ ಮರಳಿ ಸಿಗಬಹುದು. ಅವರು ಬೆಲ್ಟ್ ಬಿಗಿದುಕೊಂಡರು. ಮುಚ್ಚಳ ಮಾತ್ರ ಹಾಕಿಕೊಳ್ಳಲಿಲ್ಲ.

"ಹಗ್ಗ ಯಾರು ನೋಡಿದ್ದು?"

"ನಾನೇ ಸಾ. ಪಸ್ಟ್ ಕ್ಲಾಸಾಗೈತೆ" ಎಂದ ಶಶಿಕುಮಾರ್.

ರಜನೀಶ್ ಮೇಲೆ ನೋಡಿದರು. ಒಂದೆರಡು ಹದ್ದು ಆಗಲೇ ಸುತ್ತುತ್ತಿದ್ದವು. ಜೇಬಿಗೆ ಕೈ ಹಾಕಿ ಏನನ್ನೋ ಹೆಬ್ಬೆರಳಿನಿಂದ ಒತ್ತಿದರು. ಹಗ್ಗದ ತುಂಡು. "ಕಾಮಾಕ್ಷಮ್ಮನ್ನ ಕರೀರಿ."

ಕಾಮಾಕ್ಷಮ್ಮ ಬಂದು ಗ್ಲೈಡರಿನ ಪಕ್ಕ ನಿಂತರು. "ನನ್ ಮ್ಯಾಲಿನ ಅನುಮಾನ ಓಯ್ತಾ ಸಾ?"

"ಇಲ್ಲ."

"ಮತ್ಯಾಕ್ ಕರುದ್ರಿ?"

"ನೀವು ನೋಡದೆ ಮೇಲೆ ಹೋಗಕ್ಕೆ ಧೈರ್ಯ ಬರ್ತಿಲ್ಲ."

"ಮುಕ್ಕಾಲ್ ಗಂಟೆ ಆಯ್ತದೆ. ನಿಮ್ದೇ ಬಿಸ್ಲು ಓಗೋದು."

"ಹೋಗ್ಲಿ."

ಹಿಂದಿನ ಗ್ಲೈಡರಿನಿಂದ ದಿವ್ಯಾ ಕೂಗಿ ಹೇಳಿದರು: "ನಾನೂ ಕಾಯ್ತೀನಿ. ನಿಧಾನಕ್ಕೆ ನೋಡಿ." ಸಿದ್ದೇಶ್ವರ ಬೇಡವೆನ್ನಲಿಲ್ಲ.

ಕಾಮಾಕ್ಷಮ್ಮ ನೆರಿಗೆ ಎತ್ತಿ ಸಿಕ್ಕಿಸಿದರು. ಏಳು ಗ್ಲೈಡರ್‌ಗಳು ಬಿಸಿಲಿನಲ್ಲಿ ಸಾಲಾಗಿ ಕಾದವು. ಒಬ್ಬ ಹೆಂಗಸು ಸಾವಿರದ ಇನ್ನೂರು ಮೀಟರಿನುದ್ದಕ್ಕೂ ಬಗ್ಗಿ, ಒತ್ತಿ, ಹೆಜ್ಜೆಯಿಟ್ಟು, ಮತ್ತೆ ಒತ್ತಿ, ಬಯಲಿನ ಆ ತುದಿಯಲ್ಲಿ ಚುಕ್ಕೆಯಾಗಿ, ತಿರುಗಿ ಬಂದರು. ಎಲ್ಲೂ ಟವೆಲ್ಲು ಎತ್ತಲಿಲ್ಲ.

ಅವರ ಆಸೆ ದೊಡ್ಡದಲ್ಲ. ಹಾರಬೇಕೆಂದಿಲ್ಲ, "ಅಗ್ಗ ಮುಟ್ದೋಳು ಅಗ್ಗ ನಂಬಿ ಓಗಕ್ಕಾಯ್ತದಾ?" ಎಂದು ನಗುತ್ತಾರೆ. ರಿಜಿಸ್ಟರಿನಲ್ಲಿ ಒಂದು ಗೆರೆ ಎಳೆದು, ಹಗ್ಗ ನೋಡಿದವರು ಎಂದು ಬರೆದು, ಅದರ ಮುಂದೆ ತಮ್ಮ ಹೆಸರಿರಬೇಕು. ಹಾರಾಟ ನಿಲ್ಲಿಸಿದ ದಿನವೂ ಹಾರಲು ಬಿಟ್ಟ ದಿನವೂ. "ತಪ್ಪಾಗಿದ್ರೆ ನಂದೇ ಅಂತ ಗೊತ್ತಾಗ್ಲಿ."

ಅಂದು ಅವರು ಕೊಂಡಿಯ ಹತ್ತಿರ ಬಂದು ಬೆನ್ನು ನೆಟ್ಟಗೆ ಮಾಡಿಕೊಂಡಾಗ, ರಜನೀಶ್ ಮುಚ್ಚಳದ ಹಿಡಿಯ ಮೇಲೆ ಕೈಯಿಟ್ಟು ಕೇಳಿದರು. ತಮಾಷೆಯ ದನಿಯಿರಲಿಲ್ಲ.

"ಅಗ್ಗ ಸರಿಯಾಗೈತಾ, ಕಾಮಾಕ್ಷಮ್ಮ?"

"ಅಗ್ಗ ಸರಿಯಾಗೈತೆ" ಎಂದರು ಕಾಮಾಕ್ಷಮ್ಮ. ಆಮೇಲೆ ಪಡುವಣದ ಕಡೆ ಒಮ್ಮೆ ಕಣ್ಣು ಹಾಯಿಸಿ, "ಆಕಾಸದ್ದು ನಾ ಕಾಣೆ ಸಾ. ಅದ್ನ ನೀವೇ ಅನುಮಾನ ಪಡಿ" ಎಂದರು.